ಲಾ ಅಥವಾ ಫೈನಾನ್ಸ್: ಪಿಯುಸಿ ಆದಮೇಲೆ ದೊಡ್ಡ ಕಾಲೇಜುಗಳಲ್ಲಿ ಯಾವುದನ್ನು ಹಿಡಿಯುವುದು?

"ಮಗಳಿಗೆ ಕ್ಲಾಟ್‌ನಲ್ಲಿ ದೂರದ ಎನ್‌ಎಲ್‌ಯು ಸಿಗುವ ಹಾಗಿದೆ, ಬೆಂಗಳೂರಿನಲ್ಲೇ ಒಳ್ಳೆಯ ಬಿ.ಕಾಂ ಸೀಟೂ ಇದೆ. ಯಾವುದಕ್ಕೆ ಸೇರಿಸೋಣ?" ಪಿಯುಸಿ ಫಲಿತಾಂಶ ಬಂದಾಗಿನಿಂದ ಜುಲೈವರೆಗೂ ಬರುವ ಪ್ರಶ್ನೆ ಇದು. (ಕ್ಲಾಟ್ ಎಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ, ಅಂದರೆ ಎನ್‌ಎಲ್‌ಯುಗಳ, ಪ್ರವೇಶ ಪರೀಕ್ಷೆ.) ಕಾಲೇಜಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ಉತ್ತರಕ್ಕೆ ಹೋಗುವ ದಾರಿ ಎಲ್ಲರಿಗೂ ಒಂದೇ. ಕೆಲವು ಕೆಲಸಗಳಿಗೆ ಕಾಲೇಜಿನ ಹೆಸರೇ ಬಾಗಿಲು, ಇನ್ನು ಕೆಲವು ಕಡೆ ಆ ಹೆಸರನ್ನು ಯಾರೂ ಕೇಳುವುದೇ ಇಲ್ಲ. ಹೆಸರು ನಡೆಯುವ ಕಡೆ ಮಾತ್ರ ಹೆಸರಿಗೆ ದುಡ್ಡು ಕೊಡಿ.

ಮೊದಲು ಈ ನಾಲ್ಕನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ: ಪಿಯುಸಿ ವಿಷಯ ಸಂಯೋಜನೆ, ಒಂದನೇ ತರಗತಿಯಿಂದ ಓದಿದ ಶಾಲೆಗಳ ಪಟ್ಟಿ, ಮನೆಯ ವಾರ್ಷಿಕ ಆದಾಯದ ದಾಖಲೆ, ಮತ್ತು ಒಂದು ಕ್ಯಾಲ್ಕುಲೇಟರ್.

1. ಕೋರ್ಸ್ ಅಲ್ಲ, ಕೆಲಸ ಬರೆಯಿರಿ

"ಲಾ ಮಾಡಬೇಕು" ಎನ್ನುವುದು ಗುರಿಯಲ್ಲ. ಲಾ ಓದಿದವರು ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ದಾವೆ ನಡೆಸುತ್ತಾರೆ, ಮುಂಬೈಯಲ್ಲಿ ಕೂತು ಕಂಪನಿಗಳ ವಿಲೀನದ ಕರಾರು ಬರೆಯುತ್ತಾರೆ, ನ್ಯಾಯಾಧೀಶರೂ ಆಗುತ್ತಾರೆ. ಮೂರೂ ಬೇರೆ ಬೇರೆ ಬದುಕು. ಫೈನಾನ್ಸ್ ಕೂಡ ಹಾಗೆಯೇ.

ಕಾಲೇಜಿನ ಹೆಸರು ತುಂಬಾ ನಡೆಯುವ ಕೆಲಸಗಳು: ಸಿರಿಲ್ ಅಮರ್‌ಚಂದ್ ಮಂಗಲ್‌ದಾಸ್, ಖೈತಾನ್, ಟ್ರೈಲೀಗಲ್‌ನಂತಹ ದೊಡ್ಡ ಕಾರ್ಪೊರೇಟ್ ಲಾ ಫರ್ಮ್‌ಗಳು, ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ (ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಕೊಳ್ಳುವ-ಮಾರುವ ವ್ಯವಹಾರ ಕುದುರಿಸುವ ಕೆಲಸ). ಇವರು ಹೊಸಬರನ್ನು ಹೆಚ್ಚಾಗಿ ಬೆರಳೆಣಿಕೆಯ ಕ್ಯಾಂಪಸ್‌ಗಳಿಂದಲೇ ಆರಿಸುತ್ತಾರೆ. ಹೊರಗಿನವರು ಒಳಗೆ ಹೋಗಬಾರದೆಂದೇನಿಲ್ಲ, ಆದರೆ ಅದಕ್ಕೆ ಮೂರು ನಾಲ್ಕು ವರ್ಷ ಹೆಚ್ಚು ಹಿಡಿಯುತ್ತದೆ.

ಹೆಸರು ನಡೆಯದ ಕೆಲಸಗಳು: ಕೋರ್ಟ್ ವಕೀಲಿಕೆ, ಸಿವಿಲ್ ನ್ಯಾಯಾಧೀಶರ ಹುದ್ದೆ, ಸರ್ಕಾರಿ ಅಭಿಯೋಜಕರು, ಸಿಎ (ಲೆಕ್ಕಪರಿಶೋಧಕರು), ಸಿಎಸ್ (ಕಂಪನಿ ಕಾರ್ಯದರ್ಶಿ), ಸೆಬಿ (ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ) ಮತ್ತು ರಿಸರ್ವ್ ಬ್ಯಾಂಕಿನ ಅಧಿಕಾರಿ ಹುದ್ದೆಗಳು. ಇಲ್ಲಿ ಪರೀಕ್ಷೆ ಮತ್ತು ಕೆಲಸ ಮಾತಾಡುತ್ತವೆ. ಸೆಬಿಯ ಗ್ರೇಡ್ ಎ ಪರೀಕ್ಷೆಯ ಕಾನೂನು ವಿಭಾಗಕ್ಕೆ ಕಾನೂನು ಪದವಿ ಬೇಕು ಅಷ್ಟೆ. ಅದು ನಾಗರಬಾವಿಯದೋ (ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್) ನವನಗರದ್ದೋ (ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ) ಎಂದು ಅರ್ಜಿ ಕೇಳುವುದಿಲ್ಲ.

ನ್ಯಾಯಾಧೀಶರಾಗುವ ಆಸೆಯಿದ್ದರೆ ಇನ್ನೊಂದು ಲೆಕ್ಕ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ (ಕಿರಿಯ ಶ್ರೇಣಿ) ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂಬ ನಿಯಮವನ್ನು ಮತ್ತೆ ತಂದಿತು. ಅಂದರೆ ಐದು ವರ್ಷ ಓದು, ಮೇಲೆ ಮೂರು ವರ್ಷ ಕಪ್ಪು ಕೋಟು, ಆಮೇಲೆ ಅರ್ಜಿ. ಕರ್ನಾಟಕದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ-ಇಂಗ್ಲಿಷ್ ಅನುವಾದದ ಪತ್ರಿಕೆಯೂ ಇದೆ. ಹೊರರಾಜ್ಯದಲ್ಲಿ ಐದು ವರ್ಷ ಕಳೆದು ಬಂದವರು ಎಡವುವುದು ಇದೇ ಪತ್ರಿಕೆಯಲ್ಲಿ. "ಪ್ರತಿವಾದಿ", "ಸ್ವಾಧೀನ", "ತಡೆಯಾಜ್ಞೆ" ಅಂಥ ಪದಗಳು ಕೋರ್ಟಿನ ಕಡತ ತಿರುವಿದವರ ಕೈಗೆ ಮಾತ್ರ ಸಲೀಸಾಗಿ ಬರುತ್ತವೆ.

2. ನಿಮ್ಮ ಪಿಯುಸಿ ಸಂಯೋಜನೆ ಯಾವ ಬಾಗಿಲು ಮುಚ್ಚಿದೆ ನೋಡಿ

ಕಾನೂನಿಗೆ ಯಾವ ಸಂಯೋಜನೆಯಾದರೂ ನಡೆಯುತ್ತದೆ. ಕ್ಲಾಟ್‌ಗೆ ಸಾಮಾನ್ಯ ವರ್ಗದವರಿಗೆ 45%, ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲರಿಗೆ 40% ಅಂಕ ಸಾಕು. ವಯಸ್ಸಿನ ಮಿತಿ ಇಲ್ಲ.

ಫೈನಾನ್ಸಿನಲ್ಲಿ ಹಾಗಲ್ಲ. ಗಣಿತವೇ ನಿರ್ಣಾಯಕ. ದೆಹಲಿ ವಿಶ್ವವಿದ್ಯಾಲಯದ ಬಿಎ ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಕಡ್ಡಾಯ. ಹೆಬಾ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತೆಗೆದುಕೊಂಡವರಿಗೆ ಆ ದಾರಿ ಅಲ್ಲಿಗೇ ಮುಗಿಯಿತು. ಬಿ.ಕಾಂ ಆನರ್ಸ್‌ಗೆ ಗಣಿತದ ಬದಲು ಲೆಕ್ಕಶಾಸ್ತ್ರ ನಡೆಯುತ್ತದೆ. "ಬೇಸಿಕ್ ಮ್ಯಾಥ್ಸ್" ಓದಿದವರು ಅದನ್ನು ಗಣಿತವೆಂದು ಎಣಿಸುತ್ತಾರೆಯೇ ಎಂದು ಆಯಾ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು, ಉತ್ತರ ಉಳಿಸಿಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆ ದಾಖಲೆ ಪರಿಶೀಲನೆಯ ದಿನ ಯಾರ ನೆನಪಿಗೂ ಬರುವುದಿಲ್ಲ.

ಹತ್ತನೇ ತರಗತಿಯ ಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ಒಂದೇ ಸಲಹೆ: ಫೈನಾನ್ಸಿನ ಯೋಚನೆ ಅರ್ಧ ಮನಸ್ಸಿನಲ್ಲಿದ್ದರೂ ಗಣಿತ ಇರುವ ವಾಣಿಜ್ಯ ಸಂಯೋಜನೆ ಕೊಡಿಸಿ.

3. ಪರೀಕ್ಷೆಗಳ ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಪ್ರತಿ ವರ್ಷ ನಡೆಯುವ ದೊಡ್ಡ ತಪ್ಪು ಇಲ್ಲೇ. ಏಪ್ರಿಲ್‌ನಲ್ಲಿ ಫಲಿತಾಂಶ ಬಂದಮೇಲೆ ಕ್ಲಾಟ್ ಬಗ್ಗೆ ವಿಚಾರಿಸುತ್ತಾರೆ. ಆ ಹೊತ್ತಿಗೆ ಕ್ಲಾಟ್ ಮುಗಿದು ನಾಲ್ಕು ತಿಂಗಳಾಗಿರುತ್ತದೆ.

ಕ್ಲಾಟ್: ದ್ವಿತೀಯ ಪಿಯುಸಿ ಓದುತ್ತಿರುವಾಗಲೇ, ಡಿಸೆಂಬರ್ ಮೊದಲ ವಾರದ ಆಸುಪಾಸು. ಅರ್ಜಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್-ನವೆಂಬರ್‌ಗೆ ಮುಚ್ಚುತ್ತದೆ. 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಇಂಗ್ಲಿಷ್‌ನಲ್ಲಿ ಮಾತ್ರ. ಉದ್ದುದ್ದ ಪರಿಚ್ಛೇದ ಓದಿ ಉತ್ತರಿಸಬೇಕಾದ್ದರಿಂದ ಇದು ಕಾನೂನಿನ ಪರೀಕ್ಷೆ ಅನ್ನುವುದಕ್ಕಿಂತ ಓದುವ ವೇಗದ ಪರೀಕ್ಷೆ. ಕನ್ನಡ ಮಾಧ್ಯಮದವರು ಸೋಲುವುದು ಬುದ್ಧಿಯಲ್ಲಲ್ಲ, ಗಡಿಯಾರದ ಎದುರು. ಒಂದು ವರ್ಷ ಮುಂಚಿನಿಂದ ದಿನಾ ಇಂಗ್ಲಿಷ್ ಪತ್ರಿಕೆಯ ಎರಡು ಸಂಪಾದಕೀಯ ಓದಿದರೆ ಆ ಅಂತರ ಬಹುಪಾಲು ಮುಚ್ಚುತ್ತದೆ. ದೆಹಲಿಯ ಎನ್‌ಎಲ್‌ಯು ಕ್ಲಾಟ್‌ನಲ್ಲಿ ಇಲ್ಲ. ಅದರದ್ದು ಐಲೆಟ್ ಎಂಬ ಬೇರೆ ಪರೀಕ್ಷೆ, ಬೇರೆ ಅರ್ಜಿ.

ಸಿಯುಇಟಿ (ಕೇಂದ್ರೀಯ ಮತ್ತು ಇತರ ಹಲವು ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಪರೀಕ್ಷೆ): ಬೇಸಿಗೆಯಲ್ಲಿ, ಪಿಯುಸಿ ಪರೀಕ್ಷೆ ಮುಗಿದ ಮೇಲೆ. ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ವಾಣಿಜ್ಯ ಕಾಲೇಜು ಎಸ್‌ಆರ್‌ಸಿಸಿಯಿಂದ ಹಿಡಿದು ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್‌ವರೆಗೆ ಇದೇ ದಾರಿ. 2025ರ ಮಾದರಿಯಲ್ಲಿ ಒಂದು ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, ಸರಿಗೆ 5 ಅಂಕ, ತಪ್ಪಿಗೆ 1 ಕಡಿತ, ಗರಿಷ್ಠ ಐದು ವಿಷಯ. ಹೆಚ್ಚಿನವರಿಗೆ ತಿಳಿಯದ ಅನುಕೂಲವೊಂದು ಇಲ್ಲಿದೆ: ಈ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ, ಮತ್ತು ಭಾಷಾ ಪತ್ರಿಕೆಯಾಗಿ ಕನ್ನಡವನ್ನೇ ಆರಿಸಬಹುದು. ದೆಹಲಿ ವಿಶ್ವವಿದ್ಯಾಲಯದ ಬಿ.ಕಾಂ, ಅರ್ಥಶಾಸ್ತ್ರ ಆನರ್ಸ್ ಎರಡಕ್ಕೂ ಭಾಷಾ ಪತ್ರಿಕೆಯ ಮಟ್ಟಿಗೆ "ಪಟ್ಟಿಯಲ್ಲಿರುವ ಯಾವುದಾದರೂ ಒಂದು ಭಾಷೆ" ಸಾಕು.

ಐಪಿಮ್ಯಾಟ್: ಐಐಎಂ ಇಂದೋರ್ 2011ರಲ್ಲಿ ಶುರುಮಾಡಿದ, ಪಿಯುಸಿ ಆದಮೇಲೆ ನೇರ ಸೇರುವ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸಿಗೆ. ಪರೀಕ್ಷೆಯ ಮೂರು ಭಾಗಗಳಲ್ಲಿ ಎರಡು ಗಣಿತ.

ಸಿಎ ಫೌಂಡೇಶನ್ (ಸಿಎ ಓದಿನ ಮೊದಲ ಹಂತ): ಈಗ ವರ್ಷಕ್ಕೆ ಮೂರು ಸಲ. ನಾಲ್ಕು ಪತ್ರಿಕೆ, ತಲಾ 100 ಅಂಕ. ಪ್ರತಿ ಪತ್ರಿಕೆಯಲ್ಲೂ 40, ಒಟ್ಟಾರೆ 50% ಬರಬೇಕು. ಮೂರರಲ್ಲಿ 80 ತೆಗೆದು ಒಂದರಲ್ಲಿ 38 ಬಂದರೂ ಫೇಲ್.

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ (ಹುಬ್ಬಳ್ಳಿ) ಕಾಲೇಜುಗಳಿಗೆ ಪಿಯುಸಿ ಅಂಕವೇ ಆಧಾರ. ಪ್ರವೇಶ ಪರೀಕ್ಷೆ ಇಲ್ಲ.

4. ಕರ್ನಾಟಕದ ವಿದ್ಯಾರ್ಥಿ ಎಂಬ ಕಾಲಂ

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ (ಎನ್‌ಎಲ್‌ಎಸ್‌ಐಯು) ಕಾನೂನು ವಿಭಾಗದ ಎನ್‌ಐಆರ್‌ಎಫ್ (ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ರ‍್ಯಾಂಕಿಂಗ್) ಪಟ್ಟಿಯಲ್ಲಿ 2018ರಿಂದ ಮೊದಲ ಸ್ಥಾನ ಬಿಟ್ಟಿಲ್ಲ. ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25% ಸಮತಲ ಮೀಸಲಾತಿ ಇದೆ. ಸಮತಲ ಎಂದರೆ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಹೀಗೆ ಪ್ರತಿ ವರ್ಗದ ಒಳಗೂ ಅಡ್ಡಲಾಗಿ ಅನ್ವಯವಾಗುವುದು. ಅರ್ಹತಾ ಪರೀಕ್ಷೆಗೆ (ಅಂದರೆ ಪಿಯುಸಿಗೆ) ಮುಂಚೆ ಕನಿಷ್ಠ 10 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ಮಾತೃಭಾಷೆ, ತಂದೆಯ ಊರು ಇವು ಲೆಕ್ಕಕ್ಕಿಲ್ಲ.

ಇಲ್ಲಿ ಎರಡು ಕಡೆ ಕೈತಪ್ಪುತ್ತದೆ. ಮೊದಲನೆಯದು, ಈ ಹಕ್ಕನ್ನು ಕ್ಲಾಟ್ ಅರ್ಜಿ ತುಂಬುವಾಗಲೇ ಗುರುತು ಹಾಕಿರಬೇಕು. ಎರಡನೆಯದು ವ್ಯಾಸಂಗ ಪ್ರಮಾಣಪತ್ರ. ಮೂರು ಶಾಲೆ ಬದಲಾಯಿಸಿದ್ದರೆ ಮೂರರಿಂದಲೂ ಬೇಕು. ಅದರಲ್ಲೊಂದು ಶಾಲೆ ಮುಚ್ಚಿಹೋಗಿದ್ದರೆ ಬಿಇಒ ಕಚೇರಿ ಸುತ್ತಬೇಕು. ಸೀಟು ಸಿಕ್ಕಮೇಲೆ ಓಡಾಡಲು ಸಮಯ ಸಾಲದು, ದಸರಾ ರಜೆಗೆ ಮುಂಚೆಯೇ ಮುಗಿಸಿ.

ಬೇರೆ ರಾಜ್ಯದ ಹಲವು ಎನ್‌ಎಲ್‌ಯುಗಳಲ್ಲಿ ಆ ರಾಜ್ಯದವರಿಗೆ ಪಾಲಿರುತ್ತದೆ. ಹಾಗಾಗಿ "ಕಳೆದ ವರ್ಷ ಇಷ್ಟು ರ‍್ಯಾಂಕಿಗೆ ಸೀಟು ಸಿಕ್ಕಿತ್ತು" ಎಂಬ ಪಟ್ಟಿ ನೋಡುವಾಗ ಅದು ಅಖಿಲ ಭಾರತ ಸೀಟಿನದೋ ಆ ರಾಜ್ಯದವರ ಸೀಟಿನದೋ ಮೊದಲು ನೋಡಿ.

5. ಪ್ಲೇಸ್‌ಮೆಂಟ್ ಅಂಕಿಗಳನ್ನು ಬಿಡಿಸಿ ಓದಿ

ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವುದು "ಅತ್ಯಧಿಕ ಪ್ಯಾಕೇಜ್". ಅದು ಒಬ್ಬ ವಿದ್ಯಾರ್ಥಿಯ ಕಥೆ. ನಂತರದ್ದು "ಸರಾಸರಿ". ಹತ್ತು ಜನರಲ್ಲಿ ಒಬ್ಬನಿಗೆ 50 ಲಕ್ಷ, ಒಂಬತ್ತು ಜನಕ್ಕೆ 5 ಲಕ್ಷ ಬಂದರೂ ಸರಾಸರಿ ಒಂಬತ್ತೂವರೆ ಲಕ್ಷ ಆಗುತ್ತದೆ. ನಿಮಗೆ ಬೇಕಾದ್ದು ಮಧ್ಯಾಂಕ, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಂತವನ ಸಂಬಳ. ಮೇಲಿನ ಉದಾಹರಣೆಯಲ್ಲಿ ಅದು 5 ಲಕ್ಷ.

ಮಧ್ಯಾಂಕ ಎಲ್ಲಿ ಸಿಗುತ್ತದೆ? ಎನ್‌ಐಆರ್‌ಎಫ್ ಜಾಲತಾಣದಲ್ಲಿ. ರ‍್ಯಾಂಕ್ ನೋಡಿ ಹೊರಬರಬೇಡಿ, ಪ್ರತಿ ಸಂಸ್ಥೆ ಸಲ್ಲಿಸಿದ ದತ್ತಾಂಶದ ಪಿಡಿಎಫ್ ತೆರೆಯಿರಿ. ಅದರಲ್ಲಿ ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಸಂಬಳದ ಮಧ್ಯಾಂಕ ಎಷ್ಟು, ಎಲ್ಲವೂ ವರ್ಷವಾರು ಇರುತ್ತದೆ. ಮುಗಿಸಿದವರು 104, ಕೆಲಸ ಸಿಕ್ಕವರು 60, ಮುಂದೆ ಓದಲು ಹೋದವರು 12 ಎಂದಿದೆ ಅಂದುಕೊಳ್ಳಿ. ಉಳಿದ 32 ಜನ ಎಲ್ಲಿ? ಲಾ ಕಾಲೇಜಾದರೆ ಅವರಲ್ಲಿ ಕೆಲವರು ತಾವಾಗಿಯೇ ವಕೀಲಿಕೆಗೆ ಹೋಗಿರಬಹುದು. ಅದು ನ್ಯಾಯವಾದ ಉತ್ತರ. ಬಿ.ಕಾಂ ಕಾಲೇಜಾದರೆ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ. ಒಂದೇ ವರ್ಷ ನೋಡಬೇಡಿ, ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ.

ಸಿಟಿಸಿ ಎಂದರೆ ಕೈಗೆ ಬರುವ ಸಂಬಳವಲ್ಲ. ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆ, ಒಮ್ಮೆ ಮಾತ್ರ ಕೊಡುವ ಸೇರ್ಪಡೆ ಬೋನಸ್ ಎಲ್ಲ ಕೂಡಿದ ಮೊತ್ತ ಅದು.

ಫೈನಾನ್ಸ್ ಕಡೆ ಇನ್ನೊಂದು ಬಲೆ ಇದೆ, ಬೆಂಗಳೂರಿನಲ್ಲಿ ವಿಶೇಷವಾಗಿ. ಇಲ್ಲಿ ಜಗತ್ತಿನ ದೊಡ್ಡ ಬ್ಯಾಂಕುಗಳ ಕಚೇರಿಗಳಿವೆ, ಅವು ಅನೇಕ ಕಾಲೇಜುಗಳಿಗೆ ಬರುತ್ತವೆ. ಬ್ಯಾಂಕಿನ ಲಾಂಛನ ನೋಡಿ ಮರುಳಾಗಬೇಡಿ, ಹುದ್ದೆಯ ಹೆಸರು ಕೇಳಿ. "ಆಪರೇಷನ್ಸ್", "ರಿಕನ್ಸಿಲಿಯೇಷನ್" (ಎರಡು ಕಡೆಯ ಲೆಕ್ಕ ತಾಳೆ ನೋಡುವುದು), "ಕೆವೈಸಿ" ಎಂದರೆ ಅದು ಹಿಂಬದಿಯ ಕೆಲಸ. ಮರ್ಯಾದೆಯ ಕೆಲಸವೇ, ಆದರೆ ಅಲ್ಲಿಂದ ಡೀಲ್ ಮಾಡುವ ಮುಂಬದಿಯ ತಂಡಕ್ಕೆ ಹಾರುವುದು ಕಷ್ಟ. ಎಂಬಿಎ ಅಥವಾ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಮೂರು ಹಂತದ ಅಂತರರಾಷ್ಟ್ರೀಯ ಪರೀಕ್ಷೆ) ಇಲ್ಲದೆ ಬಹಳ ಮಂದಿ ಅಲ್ಲೇ ಉಳಿಯುತ್ತಾರೆ.

6. ಸಾಲದ ಲೆಕ್ಕ, ಕಂತಿನ ಸಮೇತ

ಎನ್‌ಎಲ್‌ಯುಗಳಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡರಿಂದ ನಾಲ್ಕು ಲಕ್ಷ ಹಿಡಿಯಿರಿ. ಐಐಎಂನ ಐದು ವರ್ಷದ ಕೋರ್ಸ್ ಒಟ್ಟು 30 ಲಕ್ಷ ದಾಟುತ್ತದೆ. ಎಸ್‌ಆರ್‌ಸಿಸಿಯಲ್ಲಿ ಶುಲ್ಕ ಕಡಿಮೆ, ದೆಹಲಿಯ ಬಾಡಿಗೆ ಊಟವೇ ಖರ್ಚು. ಸರ್ಕಾರಿ ಕಾಲೇಜಿನಲ್ಲಿ ಎಲ್ಲ ಸೇರಿ ಕೆಲವೇ ಸಾವಿರ.

ವರ್ಷಕ್ಕೆ 3 ಲಕ್ಷದಂತೆ ಐದು ವರ್ಷ 15 ಲಕ್ಷ ಸಾಲ, ಬಡ್ಡಿ 10% ಅಂದುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷದ 3 ಲಕ್ಷಕ್ಕೆ ಆರು ವರ್ಷ, ಎರಡನೆಯದಕ್ಕೆ ಐದು, ಹೀಗೆ ಕೂಡಿದರೆ ಸರಳ ಬಡ್ಡಿಯೇ 6 ಲಕ್ಷ. ಕಂತು ಶುರುವಾಗುವಾಗ ತಲೆಯ ಮೇಲಿರುವುದು 21 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 27,750 ರೂಪಾಯಿ. ಓದುವಾಗಲೇ ಮನೆಯವರು ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ (ಮೊದಲ ವರ್ಷ ತಿಂಗಳಿಗೆ 2,500, ಐದನೇ ವರ್ಷ 12,500) ಅಸಲು 15 ಲಕ್ಷಕ್ಕೇ ನಿಂತು ಕಂತು 19,800ರ ಹತ್ತಿರ ಬರುತ್ತದೆ.

ಈ ಕಂತಿನ ಪಕ್ಕ ಮೊದಲ ಸಂಬಳ ಇಡಿ. ಹಿರಿಯ ವಕೀಲರ ಕೈಕೆಳಗೆ ಸೇರುವ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅದು ಶಿಫಾರಸು, ಕಡ್ಡಾಯವಲ್ಲ. ಅಷ್ಟೂ ಸಿಕ್ಕಿತೆಂದೇ ಇಟ್ಟುಕೊಂಡರೂ ಕಂತಿಗೇ ಸಾಲದು. ದುಬಾರಿ ಎನ್‌ಎಲ್‌ಯುಗಳಿಂದ ಕೋರ್ಟಿಗೆ ಬರಬೇಕೆಂದಿದ್ದ ಮಕ್ಕಳು ಕಾರ್ಪೊರೇಟ್ ಫರ್ಮ್‌ಗೆ ಹೋಗುವುದು ಆಸೆ ಬದಲಾಗಿ ಅಲ್ಲ, ಬಹುತೇಕ ಈ ಕಂತಿಗಾಗಿ. ಕೋರ್ಟೇ ಗುರಿ, ಮನೆಯಲ್ಲಿ ಆಸರೆ ಇಲ್ಲ ಎಂದಾದರೆ ಸಾಲದ ಸೀಟು ಗುರಿಯಿಂದ ದೂರ ಒಯ್ಯುತ್ತದೆ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಉಂಟು. ಬ್ಯಾಂಕಿಗೆ ಹೋಗುವ ಮುನ್ನ ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

7. ಈಗ ಜೋಡಿಗಳನ್ನು ಹೋಲಿಸಿ

ಎನ್‌ಎಲ್‌ಎಸ್‌ಐಯು, ಹೈದರಾಬಾದಿನ ನಲ್ಸಾರ್, ಕೋಲ್ಕತ್ತದ ಎನ್‌ಯುಜೆಎಸ್, ದೆಹಲಿ ಎನ್‌ಎಲ್‌ಯು ಇವುಗಳಲ್ಲಿ ಒಂದು ಸಿಕ್ಕರೆ, ಕಾರ್ಪೊರೇಟ್ ಗುರಿಯಾದರೆ, ಸಾಲ ಮಾಡಿದರೂ ನಷ್ಟವಿಲ್ಲ. ಪಟ್ಟಿಯ ಕೆಳತುದಿಯ ಹೊಸ ಎನ್‌ಎಲ್‌ಯುಗಳ ಬಗ್ಗೆ ನಮ್ಮ ಅಭಿಪ್ರಾಯ ಬೇರೆ. ಹೆಸರಿನಲ್ಲಿ "ನ್ಯಾಷನಲ್" ಇದೆ, ಶುಲ್ಕವೂ ಅದೇ ಮಟ್ಟದ್ದು, ಆದರೆ ದೊಡ್ಡ ಫರ್ಮ್‌ಗಳು ಅಲ್ಲಿಗೆ ಬರುತ್ತಿವೆಯೇ ಎಂಬುದನ್ನು ಹಂತ 5ರ ಪಿಡಿಎಫ್ ಹೇಳಬೇಕು.

ಕರ್ನಾಟಕದ ಕೋರ್ಟ್‌ಗಳೇ ಗುರಿಯಾದರೆ ರಾಜ್ಯದ ಕಾಲೇಜನ್ನು ಎರಡನೇ ದರ್ಜೆ ಎಂದುಕೊಳ್ಳಬೇಡಿ. ಕೆಳ ನ್ಯಾಯಾಲಯದ ಸಾಕ್ಷಿ, ದಾವಾಪತ್ರ ಬಹುಪಾಲು ಕನ್ನಡದಲ್ಲಿ ನಡೆಯುತ್ತವೆ. ಹುಬ್ಬಳ್ಳಿ, ಬೆಳಗಾವಿಯಲ್ಲಿ ಓದಿದರೆ ಹೈಕೋರ್ಟಿನ ಧಾರವಾಡ ಪೀಠ ಹತ್ತಿರ. ಐದು ವರ್ಷದ ಕೋರ್ಸಿನಲ್ಲಿ 20 ವಾರ ಇಂಟರ್ನ್‌ಶಿಪ್ (ವಕೀಲರ ಕಚೇರಿಯಲ್ಲಿ ಕೆಲಸ ಕಲಿಯುವುದು) ಕಡ್ಡಾಯ. ಅದನ್ನು ಒಬ್ಬರೇ ವಕೀಲರ ಹತ್ತಿರ ರಜೆ ರಜೆಗೂ ಮಾಡಿದರೆ ಪದವಿ ಮುಗಿದ ದಿನವೇ ಕುರ್ಚಿ ಕಾದಿರುತ್ತದೆ. ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಮಾತ್ರ ತಪ್ಪದೆ ಪರಿಶೀಲಿಸಿ. ಇಲ್ಲದಿದ್ದರೆ ಸನ್ನದು (ವಕೀಲಿಕೆಯ ಪರವಾನಗಿ) ಸಿಗುವುದಿಲ್ಲ.

ಬಿಎ ಎಲ್‌ಎಲ್‌ಬಿಯೋ ಬಿಬಿಎ ಎಲ್‌ಎಲ್‌ಬಿಯೋ? ವಕೀಲಿಕೆಗೆ ಎರಡೂ ಒಂದೇ. ಇದಕ್ಕಾಗಿ ರಾತ್ರಿ ನಿದ್ದೆಗೆಡಬೇಡಿ.

ಸಿಎ ಗುರಿಯಾದರೆ ಕಾಲೇಜು ಆರಿಸುವ ರೀತಿಯೇ ತಿರುಗುಮುರುಗು. ಇಂಟರ್‌ಮೀಡಿಯೆಟ್ (ಸಿಎಯ ಎರಡನೇ ಹಂತ) ಪಾಸಾದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ಪೂರ್ಣಾವಧಿ ತರಬೇತಿ, ಮೊದಲು ಮೂರು ವರ್ಷವಿತ್ತು) ಮಾಡಬೇಕು, ಕಾಲೇಜಿನ ಸಮಯ ಕಚೇರಿ ಸಮಯಕ್ಕೆ ಅಡ್ಡ ಬರಬಾರದು. ಇಡೀ ದಿನ ತರಗತಿ, ಕಟ್ಟುನಿಟ್ಟಿನ ಹಾಜರಾತಿ ಇರುವ ಹೆಸರುವಾಸಿ ಕಾಲೇಜು ಇಲ್ಲಿ ತೊಡಕು. ಬೆಳಿಗ್ಗೆ ಬೇಗ ಮುಗಿಯುವ ಬಿ.ಕಾಂ ಕಾಲೇಜೇ ಸರಿ. ನೆರೆಹೊರೆಯವರು ಹೆಸರು ಕೇಳಿ ಮೂಗು ಮುರಿದರೆ ಮುರಿಯಲಿ.

ಲಾ, ಫೈನಾನ್ಸ್ ಎರಡರ ನಡುವೆ ಮನಸ್ಸು ಇನ್ನೂ ತೂಗುತ್ತಿದ್ದರೆ ಮೊದಲು ಬಿ.ಕಾಂ ಅಥವಾ ಅರ್ಥಶಾಸ್ತ್ರ, ನಂತರ ಮೂರು ವರ್ಷದ ಎಲ್‌ಎಲ್‌ಬಿ. ಒಂದು ವರ್ಷ ಹೆಚ್ಚು, ಆದರೆ 21ನೇ ವಯಸ್ಸಿನಲ್ಲಿ ಇನ್ನೊಮ್ಮೆ ಯೋಚಿಸುವ ಅವಕಾಶ. ಎನ್‌ಎಲ್‌ಎಸ್‌ಐಯು 2022ರಿಂದ ಮೂರು ವರ್ಷದ ಕೋರ್ಸ್ ನಡೆಸುತ್ತಿದೆ, ಅದಕ್ಕೆ ಕ್ಲಾಟ್ ಅಲ್ಲ, ತನ್ನದೇ ಪರೀಕ್ಷೆ. ತೆರಿಗೆ, ಕಂಪನಿ ದಿವಾಳಿ ಪ್ರಕರಣಗಳ ಕಡೆ ಹೋಗುವವರಿಗೆ ಬಿ.ಕಾಂ ಜೊತೆಗಿನ ಎಲ್‌ಎಲ್‌ಬಿ ಗಟ್ಟಿ ಜೋಡಿ.

8. ಕೌನ್ಸೆಲಿಂಗ್ ವಾರ

ಕ್ಲಾಟ್‌ನಲ್ಲಿ ಸೀಟು ಬಂದಾಗ ಮೂರು ಗುಂಡಿ ಕಾಣುತ್ತವೆ. ಫ್ರೀಜ್: ಇದೇ ಸಾಕು. ಫ್ಲೋಟ್: ಇದನ್ನು ಹಿಡಿದಿಡಿ, ಮೇಲಿನ ಆಯ್ಕೆ ಖಾಲಿಯಾದರೆ ಅದನ್ನು ಕೊಡಿ. ಎಕ್ಸಿಟ್: ಪ್ರಕ್ರಿಯೆಯಿಂದ ಹೊರಕ್ಕೆ. ಫ್ಲೋಟ್ ಒತ್ತಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿಯೇ ಹೋಗುತ್ತದೆ, ಹಿಂದಕ್ಕೆ ಬರುವ ದಾರಿಯಿಲ್ಲ. ಆದ್ದರಿಂದ ಆಯ್ಕೆಯ ಪಟ್ಟಿಯನ್ನು ಯಾರದೋ ರ‍್ಯಾಂಕಿಂಗ್ ನೋಡಿ ನಕಲು ಮಾಡದೆ ನಿಮಗೆ ನಿಜಕ್ಕೂ ಬೇಕಾದ ಕ್ರಮದಲ್ಲೇ ತುಂಬಿ. ಹೋಗಲು ಮನಸ್ಸಿಲ್ಲದ ಊರನ್ನು ಮೇಲೆ ಹಾಕಿ, ಅದೇ ಬಂದು ಅಳುವವರು ಪ್ರತಿ ವರ್ಷ ಇರುತ್ತಾರೆ. ನೋಂದಣಿ ಶುಲ್ಕ 2024 ಮತ್ತು 2025ರ ಕ್ಲಾಟ್‌ನಲ್ಲಿ ಸಾಮಾನ್ಯ ವರ್ಗಕ್ಕೆ 30,000 ರೂಪಾಯಿ ಇತ್ತು, ಕಟ್ಟಲು ಸಿಗುವುದು ಕೆಲವೇ ದಿನ. ಹಣ ಮೊದಲೇ ಖಾತೆಯಲ್ಲಿರಲಿ, ಖಾತೆಯ ದೈನಂದಿನ ವರ್ಗಾವಣೆ ಮಿತಿಯನ್ನೂ ನೋಡಿಕೊಳ್ಳಿ.

ಸಿಯುಇಟಿ ಫಲಿತಾಂಶಕ್ಕೆ ಕಾಯುತ್ತಾ ಊರಿನಲ್ಲೊಂದು ಸೀಟು ಹಿಡಿದಿಟ್ಟವರು ಶುಲ್ಕದ ರಸೀದಿ ಕಳೆಯಬೇಡಿ. ಯುಜಿಸಿಯ 2024-25ರ ನಿಯಮದಂತೆ ಸೆಪ್ಟೆಂಬರ್ 30ರೊಳಗೆ ರದ್ದು ಮಾಡಿದರೆ ಪೂರ್ತಿ ಶುಲ್ಕ, ಅಕ್ಟೋಬರ್ 31ರೊಳಗಾದರೆ ಗರಿಷ್ಠ 1,000 ಕಳೆದು ಉಳಿದದ್ದು ವಾಪಸ್ ಕೊಡಬೇಕಿತ್ತು. ಸೇರುವ ವರ್ಷದ ಸುತ್ತೋಲೆಯ ಪ್ರತಿ ತೆಗೆದಿಟ್ಟುಕೊಳ್ಳಿ. ರದ್ದತಿ ಅರ್ಜಿಯನ್ನು ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲೇ ಕಳಿಸಿ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳಲು ಕಾಲೇಜಿಗೆ ಹಕ್ಕಿಲ್ಲ, ತೋರಿಸಿ ವಾಪಸ್ ತನ್ನಿ. ವರ್ಗಾವಣೆ ಪತ್ರ ಮಾತ್ರ ಒಂದೇ ಇರುತ್ತದೆ, ಅದನ್ನು ಕೊಡುವ ಮುನ್ನ ನಾಲ್ಕು ಜೆರಾಕ್ಸ್ ಮಾಡಿಸಿ ದೃಢೀಕರಿಸಿಕೊಳ್ಳಿ.